ಜಲಪಾತವೂ ತುಂಬಿರಬೇಕು, ಪ್ರಾಣಿಯೂ ಕಾಣಬೇಕು: ಖಾನಾಪುರದ ಕಾಡಿಗೆ ಯಾವಾಗ ಹೋಗುವುದು?

ಪ್ರಶ್ನೆ: ನಾವು ಜಮಖಂಡಿಯವರು. ಜುಲೈ ಕೊನೆಯ ವಾರ ನಾಲ್ಕು ದಿನ ರಜೆ ಹೊಂದಿಸಿಕೊಂಡಿದ್ದೇವೆ. ನಾನು, ಹೆಂಡತಿ, 14 ವರ್ಷದ ಮಗಳು, 9 ವರ್ಷದ ಮಗ, ಜೊತೆಗೆ 63 ವರ್ಷದ ನಮ್ಮ ತಂದೆ. ತಂದೆಯವರು ಬಿಪಿ ಗುಳಿಗೆ ತೆಗೆದುಕೊಳ್ಳುತ್ತಾರೆ, ಆದರೆ ದಿನಾ ನಾಲ್ಕು ಕಿಲೋಮೀಟರ್ ನಡೆಯುತ್ತಾರೆ. ಜಾಂಬೋಟಿ ಕಡೆಯಿಂದ ಕಾಡಿನಲ್ಲಿ ನಡೆದು ವಜ್ರಪೋಹ ಜಲಪಾತ ನೋಡುವ ಆಸೆ ನನ್ನದು. ಕಾಡುಪ್ರಾಣಿ ನೋಡುವ ಹಟ ಮಗನದು. ಲೋಣಾವಳದ ಜಲಪಾತದಲ್ಲಿ ಕುಟುಂಬವೊಂದು ಕೊಚ್ಚಿಹೋದ ಆ ವಿಡಿಯೊ ನೋಡಿದಾಗಿನಿಂದ ಹೆಂಡತಿ ಬೇಡವೇ ಬೇಡ ಅನ್ನುತ್ತಿದ್ದಾಳೆ. ಗೆಳೆಯರು ಕರಡಿ, ಕಾಡುಕೋಣ, ಹಾವು, ಇಂಬಳ, ಮಂಗನ ಕಾಯಿಲೆ ಎಂದು ದಿನಕ್ಕೊಂದು ಹೇಳಿ ಹೆದರಿಸುತ್ತಿದ್ದಾರೆ. ಒಬ್ಬರಂತೂ ‘ಉಪ್ಪು, ಬ್ಲೇಡು, ಹಗ್ಗ ಇದ್ದರೆ ಸಾಕು, ಧೈರ್ಯವಾಗಿ ಹೋಗಿ’ ಅಂದರು. ಹೋಗಬಹುದಾ?

ಉತ್ತರ: ನಿಮ್ಮ ಮನೆಯಲ್ಲಿ ಸರಿಯಾದ ಜಾಗದಲ್ಲಿ ಹೆದರಿರುವವರು ನಿಮ್ಮ ಹೆಂಡತಿ ಒಬ್ಬರೇ. ಗೆಳೆಯರ ಪಟ್ಟಿ ಇನ್ನೊಮ್ಮೆ ಓದಿ ನೋಡಿ: ಕರಡಿ ಇದೆ, ಕೋಣ ಇದೆ, ಹಾವಿದೆ. ನೀರಿಲ್ಲ. ನಾನು ಇಪ್ಪತ್ತೆರಡು ವರ್ಷ ಖಾನಾಪುರ ತಾಲ್ಲೂಕಿನ ಕಾಡುಗಳಲ್ಲಿ ಪ್ರಾಣಿಗಳ ಸಮೀಕ್ಷೆ ಮಾಡಿದ್ದೇನೆ, ಜನರನ್ನು ಕರೆದುಕೊಂಡು ಅಡ್ಡಾಡಿದ್ದೇನೆ. ನನ್ನ ಜೊತೆ ಬಂದವರಲ್ಲಿ ಕಾಡುಪ್ರಾಣಿಯಿಂದ ಗಾಯಗೊಂಡವರು ಇಲ್ಲ. ಹಳ್ಳದಲ್ಲಿ ಕಾಲು ಜಾರಿ ಮೊಣಕೈ ಮುರಿದುಕೊಂಡವರು, ದಡದಾಚೆ ಸಿಕ್ಕಿಹಾಕಿಕೊಂಡು ರಾತ್ರಿ ಕಳೆದವರು ಇದ್ದಾರೆ. ಆದ್ದರಿಂದ ನೀರಿನಿಂದಲೇ ಶುರು ಮಾಡುತ್ತೇನೆ.

ನೀವು ಕೃಷ್ಣೆಯ ದಂಡೆಯವರು, ಪ್ರವಾಹ ಏನೆಂದು ನಿಮಗೆ ಹೇಳಬೇಕಾಗಿಲ್ಲ. 2019ರ ಆಗಸ್ಟ್ ಮರೆತಿರಲಿಕ್ಕಿಲ್ಲ. ಆದರೆ ಆ ಅನುಭವವೇ ಇಲ್ಲಿ ದಾರಿ ತಪ್ಪಿಸುತ್ತದೆ. ಕೃಷ್ಣೆ ಹೇಳಿಕೇಳಿ ಏರುತ್ತಾಳೆ. ಕೊಯ್ನಾದಿಂದ ಇಷ್ಟು ನೀರು ಬಿಟ್ಟರು, ರಾಜಾಪುರ ಬ್ಯಾರೇಜಿಗೆ ಇಷ್ಟು ಬಂತು, ಹಿಪ್ಪರಗಿ ಗೇಟು ತೆಗೆದರು ಎಂದು ಸುದ್ದಿ ಮೊದಲು ಬರುತ್ತದೆ, ನೀರು ಆಮೇಲೆ. ದನಕರು ಬಿಚ್ಚಿ, ಸಾಮಾನು ಕಟ್ಟಿಕೊಂಡು ಹೊರಡಲು ಹೊತ್ತಿರುತ್ತದೆ. ಘಟ್ಟದ ಹಳ್ಳಕ್ಕೆ ಆ ಸೌಜನ್ಯವಿಲ್ಲ. ನೀವು ಆಚೆ ದಡದಲ್ಲಿ ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿನ್ನುವಷ್ಟರಲ್ಲಿ, ಪಾದ ಮುಳುಗುತ್ತಿದ್ದಲ್ಲಿ ಸೊಂಟ ಮುಳುಗುತ್ತದೆ.

ಕಾರಣ ಮಳೆಯೊಂದೇ ಅಲ್ಲ, ನೆಲ. ಜಮಖಂಡಿಯಲ್ಲಿ ವರ್ಷವಿಡೀ ಬೀಳುವುದು 500-600 ಮಿಲಿಮೀಟರ್. ಭೀಮಗಡ ಕಾಡಿನ ಆಮಗಾಂವದಲ್ಲಿ 2010ರಲ್ಲಿ 10 ಸಾವಿರ ಮಿಲಿಮೀಟರ್ ದಾಟಿತ್ತು. ನಿಮ್ಮ ಇಡೀ ವರ್ಷದ ಮಳೆ ಅಲ್ಲಿ ಎರಡು ಮೂರು ದಿನಗಳಲ್ಲಿ ಸುರಿದುಬಿಡಬಹುದು. ಅದು ಬೀಳುವುದು ಎರೆಹೊಲದ ಮೇಲಲ್ಲ, ಜಂಬಿಟ್ಟಿಗೆ ಕಲ್ಲಿನ ಬೋಳು ದಿಬ್ಬಗಳ ಮೇಲೆ. ಅಲ್ಲಿ ಮಣ್ಣು ತೆಳು. ಜುಲೈ ಹೊತ್ತಿಗೆ ಅದು ನೀರು ಕುಡಿದು ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಮತ್ತೆ ಬಿದ್ದ ಹನಿಗೆ ಇಂಗಲು ಜಾಗವಿಲ್ಲ, ಹರಿಯಬೇಕು ಅಷ್ಟೇ. ಹತ್ತಾರು ಇಂಥ ದಿಬ್ಬಗಳ ನೀರು ಒಂದು ಕಿರಿದಾದ ಕಲ್ಲಿನ ಓಣಿಗೆ ಬಂದು ಬೀಳುತ್ತದೆ. ನೀವು ನಿಂತ ಜಾಗದಲ್ಲಿ ಬಿಸಿಲಿರಬಹುದು. ಮೂರು ಕಿಲೋಮೀಟರ್ ಮೇಲೆ ಸುರಿದಿದ್ದರೆ ಮುಗಿಯಿತು.

ಇದೇ ನೆಲದಿಂದ ಎರಡು ನದಿ ಹುಟ್ಟಿ ಬೆನ್ನು ತಿರುಗಿಸಿ ನಡೆಯುತ್ತವೆ. ಕಣಕುಂಬಿಯ ಮಲಪ್ರಭೆ ಪೂರ್ವಕ್ಕೆ 304 ಕಿಲೋಮೀಟರ್ ಹರಿದು ನಿಮ್ಮ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ದೇಗಾಂವ ಹತ್ತಿರ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು ಗೋವೆಯ ಮಾಂಡೋವಿ ಆಗುತ್ತದೆ. ಪೂರ್ವಕ್ಕೆ ಹೋಗುವವಳಿಗೆ ಅವಸರವಿಲ್ಲ. ಪಶ್ಚಿಮಕ್ಕೆ ಹೋಗುವವಳು ಕೆಲವೇ ಕಿಲೋಮೀಟರುಗಳಲ್ಲಿ ಘಟ್ಟ ಇಳಿಯಬೇಕು, ಓಡುತ್ತಾಳೆ. ಗವಳಿ-ಚಾಪೋಲಿ ನಡುವಿನ ನಿಮ್ಮ ವಜ್ರಪೋಹ ಇರುವುದು ಈ ಓಡುವವಳ ಮೇಲೆ.

ಲೋಣಾವಳದ ಘಟನೆ 2024ರ ಜೂನ್ 30ರದ್ದು. ಭುಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಆ ದೃಶ್ಯ ನೋಡಿದವರು ‘ಅಷ್ಟು ನೀರಿದ್ದಾಗ ಯಾಕೆ ಇಳಿದರೋ’ ಅನ್ನುತ್ತಾರೆ. ಇಳಿದಾಗ ಅಷ್ಟು ನೀರಿರಲಿಲ್ಲ, ಅಲ್ಲಿರುವ ಪಾಠ ಅದೇ. ನಡುವೆ ನಿಂತಾಗ ಏರಿತು. ನೀರಿನ ವೇಗ ಎರಡು ಪಟ್ಟಾದರೆ ಅದು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲು ಮಟ್ಟದ ರಭಸದ ನೀರು ಗಟ್ಟಿಮುಟ್ಟಾದ ಗಂಡಸನ್ನೂ ಕೆಡವಬಲ್ಲದು. ಒಂಬತ್ತು ವರ್ಷದ ಹುಡುಗನಿಗೆ ಅದು ತೊಡೆಯ ಮಟ್ಟ. ಪರಸ್ಪರ ಅಪ್ಪಿಕೊಂಡು ನಿಂತರೆ ಭದ್ರ ಅನ್ನಿಸುತ್ತದೆ, ಆದರೆ ನೀರಿಗೆ ಇನ್ನೂ ಅಗಲವಾದ ಗೋಡೆ ಸಿಕ್ಕಂತಾಗುತ್ತದೆ.

ಜಲಪಾತದ ಬುಡದ ಗುಂಡಿಯ ಬಗ್ಗೆಯೂ ಒಂದು ಮಾತು. ‘ನನಗೆ ಈಜು ಬರುತ್ತದೆ, ಬಾವಿಯಲ್ಲಿ ಕಲಿತವನು’ ಎನ್ನುವ ಧೈರ್ಯ ನಮ್ಮ ಬಯಲುಸೀಮೆಯ ಹುಡುಗರಲ್ಲಿ ಬಹಳ. ಬಾವಿಯ ನೀರು ನಿಮ್ಮನ್ನು ತೇಲಿಸುತ್ತದೆ. ಜಲಪಾತದ ಕೆಳಗಿನ ಬೆಳ್ಳಗಿನ ನೊರೆ ಅರ್ಧ ನೀರು, ಅರ್ಧ ಗಾಳಿ. ಅದು ತೇಲಿಸುವುದಿಲ್ಲ. ಮೇಲಿನಿಂದ ಬಿದ್ದ ನೀರು ತಳಕ್ಕೆ ಹೋಗಿ ಸುತ್ತಿ ಮತ್ತೆ ಬಿದ್ದಲ್ಲಿಗೇ ಎಳೆಯುತ್ತದೆ. ಒಳಗೆ ಕಲ್ಲು ಕೊರೆದ ಪೊಟರೆಗಳಿರುತ್ತವೆ. ಈಜುವ ತೋಳಿಗೆ ಅಲ್ಲಿ ಕೆಲಸವಿಲ್ಲ.

ಹಗ್ಗದ ಸಲಹೆ ಕೊಟ್ಟವರಿಗೆ ನನ್ನ ನಮಸ್ಕಾರ ತಿಳಿಸಿ, ಹಗ್ಗ ಮನೆಯಲ್ಲೇ ಬಿಡಿ. ಹರಿಯುವ ನೀರಿನಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡವನು ಬಿದ್ದರೆ, ಹಗ್ಗ ಬಿಗಿದು ನೀರು ಅವನನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ದಡದಲ್ಲಿರುವವನು ಎಳೆದಷ್ಟೂ ಮುಳುಗುತ್ತಾನೆ. ತರಬೇತಿ ಇದ್ದವರು ಹಗ್ಗ ಬಳಸುವ ರೀತಿಯೇ ಬೇರೆ.

ನಾನೂ ತಪ್ಪು ಮಾಡಿದ್ದೇನೆ. ಒಂದು ಆಗಸ್ಟ್‌ನಲ್ಲಿ ಚೋರ್ಲಾ ಕಡೆಯ ಒಂದು ಹಳ್ಳ ದಾಟಿ ಆರು ಮಂದಿಯನ್ನು ಕರೆದೊಯ್ದಿದ್ದೆ. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ್ದೆವು, ಚಪ್ಪಲಿ ನೆನೆದಿರಲಿಲ್ಲ. ಮಧ್ಯಾಹ್ನ ತಿರುಗಿ ಬಂದಾಗ ಆ ಕಲ್ಲುಗಳೇ ಇರಲಿಲ್ಲ. ಒಬ್ಬ ಹುಡುಗ ‘ಸರ್, ಹತ್ತೇ ಹೆಜ್ಜೆ’ ಅಂದ. ಹತ್ತೇ ಹೆಜ್ಜೆ ನಿಜ. ನಾವು ನಾಲ್ಕೂವರೆ ತಾಸು ಪ್ಲಾಸ್ಟಿಕ್ ಹಾಳೆ ಹೊದ್ದು ಕೂತೆವು, ಕತ್ತಲಾದ ಮೇಲೆ ನೀರು ಇಳಿಯಿತು, ದಾಟಿದೆವು. ಘಟ್ಟದ ಹಳ್ಳದ ಒಳ್ಳೆಯ ಗುಣ ಇದೊಂದೇ: ಮಳೆ ನಿಂತರೆ ಏರಿದಷ್ಟೇ ಬೇಗ ಇಳಿಯುತ್ತದೆ. ಕಾಯುವವನಿಗೆ ದಾರಿ ಕೊಡುತ್ತದೆ. ನನ್ನ ತಪ್ಪು ಕಾದದ್ದಲ್ಲ, ಹೋಗುವಾಗ ‘ಬರುವಾಗ ಇದು ಹೇಗಿರುತ್ತದೆ’ ಎಂದು ಕೇಳಿಕೊಳ್ಳದೆ ದಾಟಿದ್ದು.

ಏರುವ ಮುಂಚೆ ಕೆಲವು ಸೂಚನೆ ಇರುತ್ತವೆ. ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗುವುದು, ಒಣಎಲೆ-ಕಡ್ಡಿ ಗುಂಪಾಗಿ ತೇಲಿ ಬರುವುದು, ಸದ್ದು ಒಮ್ಮೆಗೇ ದಪ್ಪವಾಗುವುದು. ಇವುಗಳಲ್ಲಿ ಒಂದು ಕಂಡರೂ ಫೋಟೊ, ಚೀಲ, ಚಪ್ಪಲಿ ಯಾವುದನ್ನೂ ನೋಡದೆ ಹತ್ತಿರದ ಎತ್ತರಕ್ಕೆ ಹತ್ತಿ. ಆದರೆ ಸೂಚನೆ ನಂಬಿ ನೀರಿಗಿಳಿಯಬೇಡಿ. ಕೆಲವೊಮ್ಮೆ ಸೂಚನೆಯೂ ನೀರೂ ಒಟ್ಟಿಗೇ ಬರುತ್ತವೆ.

ಗೋಕಾಕದ ಲೆಕ್ಕ ಬೇರೆ. ಘಟಪ್ರಭೆ ಅಲ್ಲಿ 52 ಮೀಟರ್ ಧುಮುಕುತ್ತದೆ. ಮೇಲೆ ಹಿಡಕಲ್ ಜಲಾಶಯವಿದೆ, ಧೂಪದಾಳ ಒಡ್ಡು ಇದೆ. ಗೋಕಾಕದಲ್ಲಿ ಮಳೆಯೇ ಇಲ್ಲದ ದಿನವೂ ನೀರು ಏರಬಹುದು. ಅಲ್ಲಿ ಜನ ಸಾಯುವುದು ಹೆಚ್ಚಾಗಿ ಬಂಡೆಯ ಅಂಚಿನಲ್ಲಿ, ಸೆಲ್ಫಿಯ ಹೊತ್ತಿನಲ್ಲಿ.

ಇನ್ನು ಮಗನ ಆಸೆಗೆ ಬರೋಣ. ಯಾರೂ ನಿಮಗೆ ಹೇಳದ ಸಂಗತಿ ಇಲ್ಲಿದೆ: ನಿಮ್ಮ ಎರಡು ಆಸೆಗಳಿಗೆ ಎರಡು ಬೇರೆ ಬೇರೆ ಋತು. ತುಂಬಿದ ಜಲಪಾತ ಜುಲೈ-ಆಗಸ್ಟ್‌ನದು. ಕಾಣುವ ಪ್ರಾಣಿ ಫೆಬ್ರುವರಿಯಿಂದ ಮೇವರೆಗಿನದು. ಬೇಸಿಗೆಯಲ್ಲಿ ನೀರು ಉಳಿದಿರುವುದು ಕೆಲವೇ ಮಡುಗಳಲ್ಲಿ, ಪ್ರಾಣಿಗಳು ಅಲ್ಲಿಗೆ ಬರಲೇಬೇಕು. ಎಲೆ ಉದುರಿ ನೋಟ ದೂರ ಹೋಗುತ್ತದೆ, ತರಗೆಲೆಯ ಮೇಲೆ ಹೆಜ್ಜೆ ಇಟ್ಟರೆ ಕೇಳುತ್ತದೆ. ಜುಲೈನಲ್ಲಿ ಹೆಜ್ಜೆಗೊಂದು ನೀರು, ಯಾವ ಪ್ರಾಣಿಗೂ ಎಲ್ಲಿಗೂ ಬರುವ ಗರಜಿಲ್ಲ. ಪೊದೆ ಆಳುದ್ದ ಬೆಳೆದಿರುತ್ತದೆ, ಮೇಲೆ ಮಂಜು, ಸುತ್ತ ಮಳೆಯ ಸದ್ದು. ಕಾಡುಕೋಣ ಇಪ್ಪತ್ತು ಅಡಿ ದೂರದಲ್ಲಿದ್ದರೂ ನೀವು ನೋಡುವುದಿಲ್ಲ. ಅದೂ ನಿಮ್ಮನ್ನು ಕೇಳಿಸಿಕೊಳ್ಳುವುದಿಲ್ಲ. ಅಪಾಯ ಹುಟ್ಟುವುದು ಹೀಗೆ ಇಬ್ಬರೂ ಗಾಬರಿಯಾದಾಗ.

ಕರಡಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಖಾನಾಪುರದ ಹಳ್ಳಿಗಳವರು ಹುಲಿ-ಚಿರತೆಗಿಂತ ಕರಡಿಗೆ ಹೆದರುತ್ತಾರೆ. ಹೆದರಿಕೆಗೆ ಆಧಾರವಿದೆ. ಕರಡಿಗೆ ಕಣ್ಣು ಮಂದ, ಮೂಗು ಚುರುಕು. ಹುತ್ತ ಒಡೆದು ಗೆದ್ದಲು ಹೀರುವಾಗ ತನ್ನದೇ ಗದ್ದಲದಲ್ಲಿ ಮುಳುಗಿರುತ್ತದೆ. ನೀವು ತಿರುವಿನಲ್ಲಿ ಥಟ್ಟನೆ ಎದುರಾದಿರೋ, ಓಡುವ ಬದಲು ಮೈಮೇಲೆ ಬರುತ್ತದೆ. ತಿನ್ನಲಲ್ಲ, ನಿಮ್ಮನ್ನು ಕೆಡವಿ ತಾನು ಪಾರಾಗಲು. ಗಾಯ ಬಹುಪಾಲು ಮುಖಕ್ಕೆ, ತಲೆಗೆ. ಏಪ್ರಿಲ್‌ನಿಂದ ಜೂನ್‌ವರೆಗೆ ಕವಳಿ, ನೇರಳೆ, ಹಲಸು ಹಣ್ಣಾಗುವ ಕಾಲ. ಬೆಳಗಾವಿ ಪೇಟೆಯಲ್ಲಿ ಎಲೆಯ ದೊನ್ನೆಯಲ್ಲಿ ಕವಳಿಹಣ್ಣು ಮಾರುವ ಹೆಂಗಸರು ಯಾವ ಪೊದೆಯಿಂದ ಕಿತ್ತು ತರುತ್ತಾರೋ, ಅದೇ ಪೊದೆಗೆ ಕರಡಿಯೂ ಬರುತ್ತದೆ. ಅವರು ಗುಂಪಾಗಿ, ಜೋರಾಗಿ ಮಾತಾಡುತ್ತಾ ಹೋಗುವುದು ಹರಟೆಯ ಚಟಕ್ಕಲ್ಲ.

ಇಬ್ಬರು ಗೆಳೆಯರು ಮತ್ತು ಕರಡಿಯ ಕತೆ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಅದರಲ್ಲಿ ಒಬ್ಬ ಮರ ಹತ್ತಿ ಬದುಕುತ್ತಾನೆ. ನಮ್ಮ ಕರಡಿ ಜೇನಿಗಾಗಿ ಮರ ಹತ್ತುವುದರಲ್ಲಿ ನಿಮಗಿಂತ ಪಳಗಿದ್ದು. ಓಡಿದರೂ ನಿಮಗಿಂತ ವೇಗ. ದೂರದಲ್ಲಿ ಕಂಡರೆ ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಿರಿ. ಮೈಮೇಲೆ ಬಿದ್ದೇ ಬಿಟ್ಟರೆ ಬೋರಲಾಗಿ ಮಲಗಿ, ಎರಡೂ ಕೈ ಹೆಣೆದು ಕುತ್ತಿಗೆಯ ಹಿಂಭಾಗ ಮುಚ್ಚಿಕೊಳ್ಳಿ, ಮುಖ ನೆಲಕ್ಕೆ ಒತ್ತಿ. ಅದು ಹೋದ ಮೇಲೂ ಸ್ವಲ್ಪ ಹೊತ್ತು ಏಳಬೇಡಿ. ಉಸಿರು ಬಿಗಿಹಿಡಿದು ಸತ್ತಂತೆ ನಟಿಸುವುದು ಮುಖ್ಯವಲ್ಲ, ಮುಖ ಉಳಿಸಿಕೊಳ್ಳುವುದು ಮುಖ್ಯ. ಇಷ್ಟೆಲ್ಲ ಬೇಡವೆಂದರೆ ಬೆಳಿಗ್ಗೆ ಎಂಟರ ನಂತರ ಕಾಡಿಗೆ ಹೊಕ್ಕು ಸಂಜೆ ನಾಲ್ಕಕ್ಕೆ ಹೊರಗೆ ಬನ್ನಿ, ತಿರುವುಗಳಲ್ಲಿ ದನಗಾಹಿಗಳಂತೆ ಒಮ್ಮೆ ‘ಹೋ’ ಅನ್ನಿ. ಹೌದು, ಹೀಗೆ ಕೂಗಿದರೆ ಪ್ರಾಣಿ ಕಾಣುವುದಿಲ್ಲ. ಮಕ್ಕಳ ಜೊತೆ ನಡೆಯುವಾಗ ಅದು ಒಳ್ಳೆಯ ಚೌಕಾಶಿ.

ಕಾಡುಕೋಣವನ್ನು ನಮ್ಮ ಕಡೆಯವರು ಕಾಡೆಮ್ಮೆ ಅನ್ನುವುದುಂಟು, ಗವಳಿಯಲ್ಲಿ ಅದನ್ನೇ ‘ಗವಾ’ ಅನ್ನುತ್ತಾರೆ. ಎಮ್ಮೆಯಲ್ಲ, ದನದ ಕುಲದ್ದು. ಕಾಲಿಗೆ ಬಿಳಿ ಕಾಲುಚೀಲ ತೊಟ್ಟಂತಿರುತ್ತದೆ. ಹೋರಿ ಸಾವಿರ ಕಿಲೋ ತೂಗಬಹುದು. ಹಿಂಡು ಸಾಮಾನ್ಯವಾಗಿ ನಿಮ್ಮನ್ನು ನೋಡಿ ಒಮ್ಮೆ ಬುಸ್ಸೆಂದು ಸರಿದುಹೋಗುತ್ತದೆ. ಒಂಟಿ ಹೋರಿಗೂ ಕರುವಿರುವ ತಾಯಿಗೂ ದಾರಿ ಬಿಡಿ, ಅಷ್ಟೇ. ಮೊಬೈಲ್ ಹಿಡಿದು ಹತ್ತಿರ ಹೋದವರು ಪೆಟ್ಟು ತಿಂದಿದ್ದಾರೆ, ಸುಮ್ಮನೆ ನಿಂತವರಲ್ಲ. ಆನೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಡೆಯಿಂದ ಭತ್ತ-ಕಬ್ಬು ಇರುವಾಗ ಖಾನಾಪುರದ ಹೊಲಗಳಿಗೆ ಬರುತ್ತದೆ. ಊರವರು ‘ಆನೆ ಬಂದಿದೆ’ ಅಂದರೆ ಆ ದಿನ ಚಾರಣ ರದ್ದು, ಚರ್ಚೆ ಬೇಡ. ಕೆನ್ನಾಯಿ ಮನುಷ್ಯನ ತಂಟೆಗೆ ಬರುವುದಿಲ್ಲ.

ಚಿರತೆ, ಹುಲಿ? ಇವೆ. ಭೀಮಗಡದ ದಕ್ಷಿಣಕ್ಕೆ ಕಾಳಿ ಕಾಡು, ಪಶ್ಚಿಮಕ್ಕೆ ಗೋವೆಯ ಮಹದಾಯಿ ಅಭಯಾರಣ್ಯ. ಹುಲಿಗಳು ಈ ಮೂರರ ನಡುವೆ ಅಡ್ಡಾಡುತ್ತವೆ, ಅವಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಆದರೆ 2022ರ ಆಗಸ್ಟ್ ನೆನಪಿಸಿಕೊಳ್ಳಿ. ಬೆಳಗಾವಿ ನಗರದೊಳಗಿನ ಗಾಲ್ಫ್ ಮೈದಾನಕ್ಕೆ ಒಂದು ಚಿರತೆ ಹೊಕ್ಕಿತು. ಸಕ್ರೆಬೈಲಿನಿಂದ ಆನೆ ತರಿಸಿದರು, ಬೋನು ಇಟ್ಟರು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ಚಿರತೆ ಸಿಗಲೇ ಇಲ್ಲ. ಮೈದಾನದಲ್ಲೇ ಸಿಗದ್ದು ಜುಲೈ ಕಾಡಿನಲ್ಲಿ ನಿಮಗೆ ಎದುರು ಬಂದು ನಿಲ್ಲುತ್ತದೆಯೇ?

ಹಾವಿಗೆ ಬರೋಣ. ಬ್ಲೇಡು ಬೇಡ. ಕಚ್ಚಿದ ಜಾಗ ಕೊಯ್ದರೆ ವಿಷ ಹೊರಬರುವುದಿಲ್ಲ. ಕೊಳಕುಮಂಡಲದಂಥ ಹಾವಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಅಂಥವನಿಗೆ ನೀವೇ ಇನ್ನೊಂದು ಗಾಯ ಮಾಡಿಕೊಟ್ಟ ಹಾಗೆ. ಬಿಗಿಯಾಗಿ ಹಗ್ಗ ಕಟ್ಟಿದರೆ ಕಾಲೇ ಹೋಗಬಹುದು. ಕಚ್ಚಿಸಿಕೊಂಡವನನ್ನು ನಡೆಸಬೇಡಿ, ಕಾಲಿಗೆ ಕೋಲು ಕಟ್ಟಿ ಅಲ್ಲಾಡದಂತೆ ಮಾಡಿ, ಉಂಗುರ-ಕಾಲ್ಗೆಜ್ಜೆ ತೆಗೆಯಿರಿ, ಹೊತ್ತುಕೊಂಡು ರಸ್ತೆಗೆ ಬಂದು 108ಕ್ಕೆ ಹೇಳಿ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಮಳೆಗಾಲದಲ್ಲಿ ಘಟ್ಟದ ಹಾದಿಬದಿಯ ಗಿಡಗಳ ಮೇಲೆ ಕೂತಿರುವ ಮಲಬಾರ್ ಗುಳಿಮಂಡಲಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಕಚ್ಚಿದರೆ ಭಾರೀ ನೋವು, ಊತ. ಸಾವು ತೀರಾ ಅಪರೂಪ. ಆದರೂ ಆಸ್ಪತ್ರೆ ಬೇಕೇ ಬೇಕು. ಅದು ಹಸಿರು, ಕಂದು, ಹಳದಿ ಹೀಗೆ ಹಲವು ಬಣ್ಣಗಳಲ್ಲಿ ಬರುತ್ತದೆ, ದಿನಗಟ್ಟಲೆ ಒಂದೇ ಕೊಂಬೆಯಲ್ಲಿ ಕದಲದೆ ಕೂರುತ್ತದೆ, ನೀವು ಬೆನ್ನಟ್ಟದಿದ್ದರೂ ನಿಮ್ಮ ಕೈ ಅದರ ಮೇಲೆ ಬೀಳಬಹುದು. ಜಾರಿದಾಗ ಪಕ್ಕದ ಗಿಡ ಹಿಡಿಯುವ ಅಭ್ಯಾಸ ಬಿಡಿ, ಒಂದು ಕೋಲು ಹಿಡಿಯಿರಿ. ಹಾವಿಗೆ ಇಷ್ಟೇ ಉಪಾಯ.

ಇಂಬಳ ಅಸಹ್ಯವೇ ಹೊರತು ಅಪಾಯವಲ್ಲ. ಉಪ್ಪು ಹಾಕಿದರೆ ಅದು ಕುಡಿದದ್ದನ್ನು ಗಾಯಕ್ಕೇ ಕಾರಿಕೊಳ್ಳಬಹುದು. ಉಗುರಿನಿಂದ ಅದರ ಬಾಯಿಯ ಬದಿಗೆ ಒತ್ತಿ ಸರಿಸಿ, ಬಿಡುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂಥ ಅಂಶವಿರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಕಿರುಚಾಟ. ತಂದೆಯವರ ಬಿಪಿ ಗುಳಿಗೆಯ ಜೊತೆ ರಕ್ತ ತೆಳುವಾಗಿಸುವ ಗುಳಿಗೆಯೂ ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಅವರಿಗೆ ಇನ್ನೂ ಹೆಚ್ಚು ಹೊತ್ತು ಸೋರೀತು.

ಮಂಗನ ಕಾಯಿಲೆ ಸುಳ್ಳಲ್ಲ, ಆದರೆ ನಿಮ್ಮ ಜುಲೈಗೆ ಅದು ಸಂಬಂಧಿಸಿದ್ದಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಆಮೇಲೆ ಘಟ್ಟದುದ್ದಕ್ಕೂ ಗೋವೆಯ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗದವರೆಗೆ ಹಬ್ಬಿದೆ. ಇವೆರಡೂ ಖಾನಾಪುರದ ಬೇಲಿಗೇ ತಾಗಿದ ತಾಲ್ಲೂಕುಗಳು. ಹರಡುವುದು ಮಂಗದಿಂದ ನೇರವಾಗಿ ಅಲ್ಲ, ಉಣ್ಣೆ ಹುಳುವಿನ ಕಡಿತದಿಂದ. ಸಣ್ಣ ಉಣ್ಣೆಗಳ ಕಾಲ ಡಿಸೆಂಬರ್‌ನಿಂದ ಮೇವರೆಗೆ. ಅಂದರೆ ಪ್ರಾಣಿ ನೋಡಲು ಒಳ್ಳೆಯ ತಿಂಗಳುಗಳೇ ಉಣ್ಣೆಯ ತಿಂಗಳುಗಳು. ಆಗ ಹೋದರೆ ಮೈತುಂಬ ಬಟ್ಟೆ, ಉಣ್ಣೆ ತಡೆಯಲು ಮೈಗೆ ಹಚ್ಚಿಕೊಳ್ಳಲೆಂದು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ, ತರಗೆಲೆಯ ಮೇಲೆ ಕೂರದಿರುವುದು, ಸಂಜೆ ಬಿಸಿನೀರು-ಸಾಬೂನಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ 1926ಕ್ಕೆ, ಅಂದರೆ ಅರಣ್ಯ ಸಹಾಯವಾಣಿಗೆ ತಿಳಿಸಿ. ಮರಳಿದ ವಾರದೊಳಗೆ ಮೈಕೈ ನೋವಿನ ಜ್ವರ ಬಂದರೆ ವೈದ್ಯರಿಗೆ ‘ಕಾಡಿಗೆ ಹೋಗಿದ್ದೆ’ ಎಂಬ ಒಂದು ಮಾತು ತಪ್ಪದೆ ಹೇಳಿ. ಜಮಖಂಡಿಯ ವೈದ್ಯರಿಗೆ ಅದು ತಾನಾಗಿ ಹೊಳೆಯಬೇಕೆಂದಿಲ್ಲ.

ಹಾಗಾದರೆ ಏನು ಮಾಡುವುದು? ಜುಲೈ ರಜೆ ರದ್ದು ಮಾಡಬೇಕಿಲ್ಲ, ವಜ್ರಪೋಹದ ಚಾರಣ ರದ್ದು ಮಾಡಿ. ಇದರಲ್ಲಿ ನನಗೆ ಅನುಮಾನವಿಲ್ಲ. ಮಳೆಗಾಲದಲ್ಲಿ ಖಾನಾಪುರದ ಜಲಪಾತಗಳಿಗೆ ಇತ್ತೀಚಿನ ವರ್ಷಗಳಲ್ಲಿ ನಿಷೇಧ ಹಾಕುತ್ತಿದ್ದಾರೆ. ಬೈಕಿನಲ್ಲಿ ಬಂದವರು ‘ಹಿಂದಿನ ದಾರಿ’ ಹುಡುಕುತ್ತಾರೆ. ಆ ದಾರಿ ಮೊಬೈಲ್ ನಕ್ಷೆಯಲ್ಲಿ ಗೆರೆಯಾಗಿ ಕಾಣುತ್ತದೆ, ನೆಲದಲ್ಲಿ ಅದು ದನದ ಹಾದಿ, ಮೂರು ಕವಲಾಗಿ ಮಂಜಿನಲ್ಲಿ ಮುಗಿಯುತ್ತದೆ. ಸಿಗ್ನಲ್ ಇರುವುದಿಲ್ಲ. ಭೀಮಗಡ 2011ರಿಂದ ಅಭಯಾರಣ್ಯ, 190 ಚದರ ಕಿಲೋಮೀಟರ್. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿಯಿಲ್ಲದೆ ಒಳಗೆ ಕಾಲಿಡುವುದೇ ಅಪರಾಧ. ಸಿಕ್ಕಿಬಿದ್ದರೆ ದಂಡ ಕಟ್ಟಬಹುದು. ಹಳ್ಳದಾಚೆ ಸಿಕ್ಕಿಹಾಕಿಕೊಂಡರೆ ಮಾತ್ರ ಕಷ್ಟ. 2024ರ ಜುಲೈನಲ್ಲಿ ಆಮಗಾಂವದ ಮಹಿಳೆಯೊಬ್ಬರಿಗೆ ಹುಷಾರು ತಪ್ಪಿದಾಗ ಊರವರು ಅವರನ್ನು ಹೆಗಲ ಮೇಲೆ ಹೊತ್ತು, ಸುರಿವ ಮಳೆಯಲ್ಲಿ ಹಳ್ಳ ದಾಟಿ ಕಿಲೋಮೀಟರುಗಟ್ಟಲೆ ನಡೆದ ಮೇಲೆ ಆಂಬುಲೆನ್ಸ್ ಸಿಕ್ಕಿತು. ಹುಟ್ಟಿ ಬೆಳೆದವರ ಪಾಡೇ ಅದಾದರೆ, ನಿಮ್ಮ ತಂದೆಯವರ ಪಾದ ಉಳುಕಿದರೆ ಹೊರುವವರು ಅದೇ ಜನ. ಜಮಖಂಡಿಯ ಡಾಂಬರಿನ ನಾಲ್ಕು ಕಿಲೋಮೀಟರಿಗೂ ಹಾವಸೆ ಹಿಡಿದ ಇಳಿಜಾರಿನ ನಾಲ್ಕು ಕಿಲೋಮೀಟರಿಗೂ ಮೊಣಕಾಲಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಜುಲೈನಲ್ಲಿ ನೋಡುವುದಾದರೆ ಗೋಕಾಕ, ಗೊಡಚಿನಮಲ್ಕಿ ಎರಡನ್ನೂ ಕಟಾಂಜನದ ಈಚೆಯಿಂದ ನೋಡಿ. ಒಂದು ದಿನ ಕಣಕುಂಬಿಯ ದೇವಸ್ಥಾನದವರೆಗೆ ರಸ್ತೆಯಲ್ಲೇ ಹೋಗಿ ಮಲಪ್ರಭೆ ಹುಟ್ಟುವ ಜಾಗ ನೋಡಿಸಿ. ಕೂಡಲಸಂಗಮ ಕಂಡ ಮಕ್ಕಳಿಗೆ ಅದರ ಇನ್ನೊಂದು ತುದಿ ಕಂಡಂತಾಗುತ್ತದೆ. ಇದರಲ್ಲಿರುವ ಅಪಾಯ ಮಂಜಿನ ರಸ್ತೆ ಮತ್ತು ಎದುರಿನ ಲಾರಿ, ಸಂಜೆ ಐದರ ನಂತರ ಘಟ್ಟದಲ್ಲಿ ಇರಬೇಡಿ.

ಕಾಡಿನಲ್ಲಿ ನಡೆಯುವ ಆಸೆಯನ್ನು ಅಕ್ಟೋಬರ್ ಕೊನೆಗೆ, ದೀಪಾವಳಿಯ ಆಸುಪಾಸಿಗೆ ಇಟ್ಟುಕೊಳ್ಳಿ. ಮಳೆ ಹಿಂದೆ ಸರಿದಿರುತ್ತದೆ, ಜಲಪಾತದಲ್ಲಿ ನೀರು ಅರ್ಧಕ್ಕಿಳಿದರೂ ಚೆಲುವು ಇಳಿದಿರುವುದಿಲ್ಲ, ಉಣ್ಣೆಯ ಕಾಲ ಇನ್ನೂ ಶುರುವಾಗಿರುವುದಿಲ್ಲ, ಇಂಬಳ ಕಡಿಮೆ. ಪ್ರಾಣಿ? ಬೇಸಿಗೆಯಷ್ಟು ಇಲ್ಲ. ಕೇಸಳಿಲು ಮರದಿಂದ ಮರಕ್ಕೆ ಹಾರುವುದು, ಮಂಗಟ್ಟೆಯ ರೆಕ್ಕೆ ಗಾಳಿ ಸೀಳುವ ಸದ್ದು, ದೂರದಲ್ಲಿ ಕಾಡುಕೋಣದ ಹಿಂಡು ಇವಿಷ್ಟು ನಿರೀಕ್ಷಿಸಬಹುದು. ಮಧ್ಯಾಹ್ನದ ಗುಡುಗು-ಸಿಡಿಲು ಈ ತಿಂಗಳಲ್ಲಿ ಉಂಟು, ಬೋಳು ದಿಬ್ಬದ ಮೇಲೆ ಇರಬೇಡಿ. ಖಾನಾಪುರದ ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಯಾವ ಹಾದಿ ತೆರೆದಿದೆ ಎಂದು ಕೇಳಿ, ಸ್ಥಳೀಯ ಮಾರ್ಗದರ್ಶಿಯನ್ನು ಕರೆದುಕೊಳ್ಳಿ. ಕನ್ನಡಕ್ಕಿಂತ ಮರಾಠಿ-ಕೊಂಕಣಿ ಹೆಚ್ಚು ಓಡುವ ಊರುಗಳು ಅವು, ಅದಕ್ಕಾದರೂ ಒಬ್ಬರು ಬೇಕು. ತಂದೆಯವರು ಬರಲಿ, ಆದರೆ ಇಳಿಜಾರು ಶುರುವಾಗುವಲ್ಲಿ ಅವರ ಜೊತೆ ಒಬ್ಬರು ಕೂರುವುದೆಂದು ಮನೆಯಲ್ಲೇ ತೀರ್ಮಾನವಾಗಿರಲಿ. ಅಲ್ಲಿ ಹೋಗಿ ಮಾತಾಡಿದರೆ ಹಟ ಹುಟ್ಟುತ್ತದೆ. ದಾರಿಯಲ್ಲಿ ಯಾರಾದರೂ ಗುಹೆ ತೋರಿಸುತ್ತೇನೆಂದರೆ ಬೇಡವೆನ್ನಿ. ಭೀಮಗಡ ಕಾಡಿನ ಬಾರಾಪೆಡೆ ಗುಹೆಗಳ ರಾಟನ್ ಬಾವಲಿ 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ಬಹುಕಾಲ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವೆಂದೇ ಅಂದುಕೊಂಡಿದ್ದರು. ಟಾರ್ಚು, ಗದ್ದಲ ಅವುಗಳ ವಂಶಕ್ಕೇ ಕುತ್ತು.

ಪ್ರಾಣಿಯೇ ಮುಖ್ಯ ಎಂದು ಮಗ ಹಟ ಹಿಡಿದರೆ ಇನ್ನೊಂದು ಉಪಾಯ ನಿಮ್ಮ ಮನೆಯ ಹತ್ತಿರವೇ ಇದೆ. ಬೀಳಗಿ-ಮುಧೋಳ ತಾಲ್ಲೂಕುಗಳ ಯಡಹಳ್ಳಿಯ ಕುರುಚಲು ಕಾಡು ಚಿಂಕಾರ ಎಂಬ ಹುಲ್ಲೆಗಳಿಗಾಗಿ ಘೋಷಿಸಿದ ಅಭಯಾರಣ್ಯ. ಜಲಪಾತ ಇಲ್ಲ, ಅನುಮತಿ ಅಲ್ಲಿಯೂ ಬೇಕು. ಆದರೆ ಬಯಲಿನಲ್ಲಿ ಕಣ್ಣು ದೂರ ಓಡುತ್ತದೆ. ಒಂಬತ್ತರ ಹುಡುಗನಿಗೆ ಘಟ್ಟದ ಮಂಜಿಗಿಂತ ಅಲ್ಲಿ ಓಡುವ ಒಂದು ಚಿಂಕಾರ ಹೆಚ್ಚು ಖುಷಿ ಕೊಟ್ಟೀತು.

ಅಕ್ಟೋಬರ್‌ಗೆ ಬಂದಾಗ ಅವನ ಜೇಬಿನಲ್ಲಿ ಒಂದು ಖಾಲಿ ಬೆಂಕಿಪೊಟ್ಟಣ ಇಡಿ. ಹಾದಿಯ ಹಸಿಮಣ್ಣಿನಲ್ಲಿ ಹೆಜ್ಜೆ ಕಂಡರೆ ಪಕ್ಕದಲ್ಲಿ ಇಟ್ಟು ಫೋಟೊ ತೆಗೆಯಲಿ, ಅಳತೆ ಸಿಗುತ್ತದೆ. ಉಗುರಿನ ಗುರುತಿದ್ದರೆ ನಾಯಿಯ ಜಾತಿ, ಇಲ್ಲದಿದ್ದರೆ ಬೆಕ್ಕಿನ ಜಾತಿ. ಪೊಟ್ಟಣ ಐದು ಸೆಂಟಿಮೀಟರ್ ಉದ್ದ. ಅದಕ್ಕಿಂತ ಕಿರಿದಾದರೆ ಕಾಡುಬೆಕ್ಕು, ಒಂದೂವರೆ ಪೊಟ್ಟಣವಾದರೆ ಚಿರತೆ. ಎರಡೂವರೆ ಪೊಟ್ಟಣ ದಾಟಿದರೆ ಅವನನ್ನು ಕರೆದುಕೊಂಡು ಬಂದ ದಾರಿಯಲ್ಲೇ ತಿರುಗಿ ಹೊರಡಿ, ಫೋಟೊ ಮಾತ್ರ ನನಗೆ ಕಳಿಸಿ.